ಪರದೆ ಸರಿಸಿದ ನಿರ್ದೇಶಕ: ಡೆರೆಕ್ ಜಾರ್ಮನ್ ಮತ್ತು ಬ್ರಿಟನ್ನಿನ ಸಲಿಂಗಿಗಳ ಹೋರಾಟ

1993ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಬ್ರಿಟನ್ನಿನ ಚಾನೆಲ್ 4 ವಾಹಿನಿ ಒಂದು ಸಿನಿಮಾ ತೋರಿಸಿತು. ಪರದೆಯ ತುಂಬ ನೀಲಿ. ನಟರಿಲ್ಲ, ಬೀದಿಯಿಲ್ಲ, ಮುಖವಿಲ್ಲ. ಗಾಢ ನೀಲಿಯೊಂದೇ ಸುಮಾರು ಒಂದೂಕಾಲು ಗಂಟೆ ಕದಲದೆ ನಿಂತಿತ್ತು. ಅದರ ಹಿಂದಿನಿಂದ ದನಿಗಳು ಬರುತ್ತಿದ್ದವು: ಕಣ್ಣಾಸ್ಪತ್ರೆಯಲ್ಲಿ ಸರದಿಗಾಗಿ ಕಾಯುವ ಮಾತು, ಔಷಧದ ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿ, ತೀರಿಹೋದ ಗೆಳೆಯರ ಹೆಸರುಗಳು, ನಡುನಡುವೆ ಗಂಟೆಯ ನಾದ. ಅದೇ ಹೊತ್ತಿನಲ್ಲಿ ಬಿಬಿಸಿಯ ರೇಡಿಯೊ 3 ಅದೇ ಧ್ವನಿಯನ್ನು ಸ್ಟೀರಿಯೊದಲ್ಲಿ ಬಿತ್ತರಿಸುತ್ತಿತ್ತು. ಟಿವಿಯಲ್ಲಿ ನೀಲಿ, ರೇಡಿಯೊದಲ್ಲಿ ಮಾತು. ಎರಡನ್ನೂ ಹಚ್ಚಿಟ್ಟುಕೊಂಡು ಜನ ಕೂತು ಕೇಳಿದರು.

ಸಿನಿಮಾದ ಹೆಸರು ‘ಬ್ಲೂ’. ನಿರ್ದೇಶಕ ಡೆರೆಕ್ ಜಾರ್ಮನ್. ಏಡ್ಸ್ ಕಾಯಿಲೆ ಅವರ ದೃಷ್ಟಿಯನ್ನು ಕಿತ್ತುಕೊಳ್ಳುತ್ತಿತ್ತು. ಐದು ತಿಂಗಳ ನಂತರ ಅವರು ತೀರಿಕೊಂಡರು.

ಜಾರ್ಮನ್ ಅವರನ್ನು ಸಾಮಾನ್ಯವಾಗಿ ಎರಡು ಹೋಳು ಮಾಡಿ ಪರಿಚಯಿಸುತ್ತಾರೆ. ಒಬ್ಬರು ಪ್ರಯೋಗಶೀಲ ಸಿನಿಮಾ ನಿರ್ದೇಶಕ, ಇನ್ನೊಬ್ಬರು ಸಲಿಂಗಿಗಳ ಹಕ್ಕುಗಳಿಗಾಗಿ ಬೀದಿಗಿಳಿದ ಹೋರಾಟಗಾರ. ನನಗೆ ಈ ವಿಂಗಡಣೆ ಒಪ್ಪಿಗೆಯಿಲ್ಲ. ಅವರ ಕಾಲದ ಬ್ರಿಟನ್ನಿನ ಕಾನೂನು ಸಲಿಂಗಿಗಳ ಮುಂದಿಟ್ಟಿದ್ದ ಕರಾರು ಒಂದೇ: ಇರಿ, ಆದರೆ ಕಣ್ಣಿಗೆ ಬೀಳಬೇಡಿ. ಕಣ್ಣಿಗೆ ಬೀಳುವಂತೆ ಮಾಡುವುದೇ ಕಸುಬಾದ ಸಿನಿಮಾದವನಿಗೆ ಕ್ಯಾಮೆರಾ ಹಿಡಿಯುವುದಕ್ಕೂ ಈ ಕರಾರನ್ನು ಮುರಿಯುವುದಕ್ಕೂ ವ್ಯತ್ಯಾಸವಿರಲಿಲ್ಲ. ಇದು ಅರ್ಥವಾಗಬೇಕಾದರೆ ಮೊದಲು ಆ ಕಾನೂನನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಇಂಗ್ಲೆಂಡಿನಲ್ಲಿ 1533ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ, ಗಂಡಸರ ನಡುವಿನ ಲೈಂಗಿಕ ಸಂಬಂಧಕ್ಕೆ ಮರಣದಂಡನೆ ವಿಧಿಸುವ ಕಾಯ್ದೆ ಬಂತು. ಈ ಅಪರಾಧಕ್ಕಾಗಿ ಕೊನೆಯ ಸಲ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ. ಗಲ್ಲು ಶಿಕ್ಷೆ ಕಾಯ್ದೆಯಿಂದ ಹೊರಟದ್ದು 1861ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1860ರಲ್ಲಿ, ಇದೇ ನೀತಿ ಹಡಗು ಹತ್ತಿ ಬಂದು ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377 ಆಗಿ ನಮ್ಮಲ್ಲಿ ಕೂತಿತು. ‘ಇದು ನಮ್ಮ ಸಂಸ್ಕೃತಿಯಲ್ಲ’ ಎಂದು ಸಲಿಂಗ ಪ್ರೇಮದ ಬಗ್ಗೆ ಹೇಳುವವರು, ಹೊರಗಿನಿಂದ ಬಂದದ್ದು ಆ ಪ್ರೇಮವೋ ಅದನ್ನು ಶಿಕ್ಷಿಸುವ ಕಾನೂನೋ ಎಂಬುದನ್ನು ಒಮ್ಮೆ ನೋಡಬೇಕು. 1885ರಲ್ಲಿ ಇಂಗ್ಲೆಂಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಂಡಸರ ನಡುವಿನ ಯಾವುದೇ ಬಗೆಯ ‘ಘೋರ ಅಸಭ್ಯತೆ’ ಮುಚ್ಚಿದ ಕೋಣೆಯಲ್ಲಿ ನಡೆದರೂ ಅಪರಾಧ ಎಂದು ಸಾರಿತು. ಅಸಭ್ಯತೆ ಎಂದರೇನು ಎಂದು ಕಾಯ್ದೆ ವಿವರಿಸಲಿಲ್ಲ. 1895ರಲ್ಲಿ ನಾಟಕಕಾರ ಆಸ್ಕರ್ ವೈಲ್ಡ್ ಎರಡು ವರ್ಷ ಕಠಿಣ ಸಜೆಗೆ ಹೋದದ್ದು ಇದರ ಅಡಿಯಲ್ಲಿ. 1952ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಶಿಕ್ಷೆಗೊಳಗಾಗಿ, ಸೆರೆಮನೆಗೆ ಬದಲಾಗಿ ಹಾರ್ಮೋನ್ ಚಿಕಿತ್ಸೆ ಪಡೆಯಬೇಕಾಗಿ ಬಂದದ್ದೂ ಇದರ ಅಡಿಯಲ್ಲೇ.

1957ರಲ್ಲಿ ಸರ್ಕಾರ ನೇಮಿಸಿದ್ದ ವುಲ್ಫೆಂಡೆನ್ ಸಮಿತಿ ವಯಸ್ಕರ ಖಾಸಗಿ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂದು ಶಿಫಾರಸು ಮಾಡಿತು. ಸಂಸತ್ತು ಹತ್ತು ವರ್ಷ ತಡೆದು, 1967ರಲ್ಲಿ ಕಾಯ್ದೆ ಮಾಡಿತು. ಬ್ರಿಟನ್ನಿನಲ್ಲಿ ಸಲಿಂಗ ಪ್ರೇಮ ಸಕ್ರಮವಾದ ವರ್ಷ ಎಂದು ಪುಸ್ತಕಗಳು ಬರೆಯುವುದು ಇದನ್ನೇ. ಆದರೆ ಆ ಕಾಯ್ದೆಯ ಷರತ್ತುಗಳನ್ನು ಓದಿದರೆ ಎದೆ ಭಾರವಾಗುತ್ತದೆ. ಅದು ಅನ್ವಯಿಸಿದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸೈನಿಕರಿಗೆ, ವಾಣಿಜ್ಯ ಹಡಗಿನ ನಾವಿಕರಿಗೆ ಅನ್ವಯಿಸಲಿಲ್ಲ. ಗಂಡು ಹೆಣ್ಣಿನ ಸಂಬಂಧಕ್ಕೆ ಸಮ್ಮತಿಯ ವಯಸ್ಸು 16 ಆಗಿದ್ದರೆ, ಗಂಡು ಗಂಡಿನ ಸಂಬಂಧಕ್ಕೆ 21. ಅಂದರೆ ಇಪ್ಪತ್ತರ ಹರೆಯದ ಇಬ್ಬರು ಒಬ್ಬರನ್ನೊಬ್ಬರು ಪ್ರೀತಿಸಿ ಜೊತೆಗೂಡಿದರೆ ಇಬ್ಬರೂ ಅಪರಾಧಿಗಳೇ. ‘ಖಾಸಗಿ’ ಎಂಬ ಪದಕ್ಕೆ ಕೊಟ್ಟ ಅರ್ಥ ಇನ್ನೂ ಕಠೋರ. ಮೂರನೆಯ ವ್ಯಕ್ತಿ ಹಾಜರಿದ್ದರೆ ಅದು ಖಾಸಗಿಯಲ್ಲ; ಹೋಟೆಲ್ ಕೋಣೆಯೂ ಖಾಸಗಿಯಲ್ಲವೆಂದು ಪರಿಗಣಿಸಿದರು. ಕಾಯ್ದೆ ಬಂದ ಮೇಲೆ ಪೊಲೀಸ್ ಮೊಕದ್ದಮೆಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಕಿಟಕಿಯ ಪರದೆ ಎಳೆದುಕೊಂಡು ಬದುಕಿದರೆ ನಿಮ್ಮ ತಂಟೆಗೆ ಬರುವುದಿಲ್ಲ, ಪರದೆ ಒಂದಿಷ್ಟು ಸರಿದರೂ ಬಿಡುವುದಿಲ್ಲ ಎಂಬುದು ಆ ಕಾಯ್ದೆಯ ತಿರುಳು.

1967ರಲ್ಲಿ ಜಾರ್ಮನ್ ಅವರಿಗೆ 25 ವರ್ಷ.

ಅವರು ಹುಟ್ಟಿದ್ದು 1942ರ ಜನವರಿ 31ರಂದು, ಲಂಡನ್ ಹೊರವಲಯದ ನಾರ್ತ್‌ವುಡ್‌ನಲ್ಲಿ. ತಂದೆ ನ್ಯೂಜಿಲೆಂಡ್ ಮೂಲದವರು, ಬ್ರಿಟಿಷ್ ವಾಯುಪಡೆಯಲ್ಲಿ ಅಧಿಕಾರಿ. ನಾಲ್ಕನೇ ವಯಸ್ಸಿಗೆ ತಂದೆತಾಯಿ ಕೊಟ್ಟ ಉಡುಗೊರೆ ಹೂಗಿಡ ಬೆಳೆಸುವ ಬಗೆಯನ್ನು ಹೇಳುವ ಒಂದು ಪುಸ್ತಕ. ಈ ಸಣ್ಣ ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಒಂಬತ್ತನೇ ವಯಸ್ಸಿನಲ್ಲಿ ವಸತಿ ಶಾಲೆಯಲ್ಲಿ ಇನ್ನೊಬ್ಬ ಹುಡುಗನ ಹಾಸಿಗೆಯಲ್ಲಿ ಸಿಕ್ಕಿಬಿದ್ದು, ಶಿಕ್ಷೆಯನ್ನೂ ಅವಮಾನವನ್ನೂ ಅನುಭವಿಸಿದರು. ಆ ಗಾಯವನ್ನು ಅವರು ಮರೆಯಲೇ ಇಲ್ಲ. ದಶಕಗಳ ನಂತರವೂ ದಿನಚರಿಗಳಲ್ಲಿ ಅದಕ್ಕೆ ಮರಳಿ ಮರಳಿ ಬರುತ್ತಾರೆ. ಕಿಂಗ್ಸ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಸಿನಿಮಾಕ್ಕೆ ಬಂದದ್ದು ಸೆಟ್ ವಿನ್ಯಾಸಕರಾಗಿ, ಕೆನ್ ರಸೆಲ್ ಅವರ 1971ರ ‘ದಿ ಡೆವಿಲ್ಸ್’ ಚಿತ್ರದ ಮೂಲಕ.

ದೊಡ್ಡ ಸ್ಟುಡಿಯೊಗಳ ದಾರಿಯನ್ನು ಅವರು ಹಿಡಿಯಲಿಲ್ಲ. ಕೈಯಲ್ಲಿದ್ದದ್ದು ಸೂಪರ್ 8 ಕ್ಯಾಮೆರಾ. ಮದುವೆ, ಹುಟ್ಟುಹಬ್ಬ, ಪ್ರವಾಸಗಳನ್ನು ಚಿತ್ರಿಸಿಕೊಳ್ಳಲು ಮನೆಮಂದಿ ಬಳಸುತ್ತಿದ್ದ ಅಗ್ಗದ ಸಾಧನ ಅದು. ಜಾರ್ಮನ್ ಅದರಲ್ಲಿ ತಮ್ಮ ಗೆಳೆಯರನ್ನು, ಅವರ ವೇಷಗಳನ್ನು, ಬಿಸಿಲು ಬಿದ್ದ ಕೋಣೆಗಳನ್ನು ಚಿತ್ರಿಸಿದರು. ಕುಟುಂಬವೆಂದು ಕಾನೂನು ಒಪ್ಪದ ಜನರ ಕುಟುಂಬದ ಆಲ್ಬಮ್ ಹಾಗೆ ತಯಾರಾಯಿತು. ಸೆಕೆಂಡಿಗೆ ಕೆಲವೇ ಚೌಕಟ್ಟುಗಳಂತೆ ಹಿಡಿದು, ಅಷ್ಟೇ ನಿಧಾನವಾಗಿ ಓಡಿಸಿ, ಅದನ್ನು 35 ಎಂಎಂಗೆ ಹಿಗ್ಗಿಸಿದಾಗ ಚಿತ್ರ ಕಣಕಣವಾಗಿ ನಡುಗುತ್ತದೆ. ಷೇಕ್ಸ್‌ಪಿಯರನ ಸಾನೆಟ್‌ಗಳನ್ನು ನಟಿ ಜೂಡಿ ಡೆಂಚ್ ಓದುವ, ಇಬ್ಬರು ಯುವಕರ ಪ್ರೇಮದ 1985ರ ಚಿತ್ರ ‘ದಿ ಏಂಜೆಲಿಕ್ ಕಾನ್ವರ್ಸೇಷನ್’ ನೋಡಿದರೆ ಆ ನಡುಕದ ಸೊಗಸು ತಿಳಿಯುತ್ತದೆ.

ಅವರ ಮೊದಲ ಪೂರ್ಣಪ್ರಮಾಣದ ಚಿತ್ರ 1976ರ ‘ಸೆಬಾಸ್ಟಿಯಾನೆ’, ಪಾಲ್ ಹಮ್‌ಫ್ರೆಸ್ ಜೊತೆ ನಿರ್ದೇಶಿಸಿದ್ದು. ರೋಮನ್ ಸೈನಿಕನಾಗಿದ್ದು ಬಾಣಗಳಿಗೆ ಎದೆಯೊಡ್ಡಿ ಹುತಾತ್ಮನಾದ ಸಂತನ ಕಥೆಯನ್ನು ಸಾರ್ಡೀನಿಯಾದ ಕಡಲತೀರದಲ್ಲಿ ಚಿತ್ರಿಸಿದರು. ಸಂಭಾಷಣೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಇಂಗ್ಲಿಷ್ ಚಿತ್ರವೊಂದು ಇಂಗ್ಲೆಂಡಿನಲ್ಲೇ ಇಂಗ್ಲಿಷ್ ಅಡಿಬರಹಗಳೊಂದಿಗೆ ತೆರೆಕಂಡಿತು. ಅದರಲ್ಲಿ ಗಂಡಸರು ಗಂಡಸರನ್ನು ಯಾವ ಕ್ಷಮೆಯಾಚನೆಯೂ ಇಲ್ಲದೆ, ಹಗಲು ಬೆಳಕಿನಲ್ಲಿ ಪ್ರೀತಿಸುತ್ತಾರೆ. ಅಲ್ಲಿಯವರೆಗೆ ಬ್ರಿಟಿಷ್ ಸಿನಿಮಾದಲ್ಲಿ ಸಲಿಂಗಿ ಕಾಣಿಸಿಕೊಂಡರೆ ಹೆಚ್ಚಾಗಿ ಬ್ಲ್ಯಾಕ್‌ಮೇಲ್‌ಗೆ ಸಿಕ್ಕಿದವನಾಗಿ, ನಗೆಪಾಟಲಿನವನಾಗಿ ಅಥವಾ ಸಾಯುವವನಾಗಿ. 1985ರಲ್ಲಿ ಚಾನೆಲ್ 4 ಈ ಚಿತ್ರವನ್ನು ಮನೆಮನೆಯ ಟಿವಿಗೆ ತಂದಾಗ ನೈತಿಕತೆಯ ಕಾವಲುಗಾರರು ಕೆರಳಿದರು. ಏಳು ವರ್ಷ ಹಣಕ್ಕಾಗಿ ಅಲೆದು, ಲಂಡನ್ ಬಂದರಿನ ಗೋದಾಮೊಂದರಲ್ಲಿ ಹದಿನೇಳನೇ ಶತಮಾನದ ರೋಮ್ ನಗರವನ್ನು ಕಟ್ಟಿ ಮಾಡಿದ, ಇಟಲಿಯ ಚಿತ್ರಕಾರನ ಬದುಕಿನ ಕಥೆ ‘ಕಾರವಾಜಿಯೊ’ 1986ರಲ್ಲಿ ಬರ್ಲಿನ್ ಉತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಪಡೆಯಿತು. ನಟಿ ಟಿಲ್ಡಾ ಸ್ವಿಂಟನ್ ಬೆಳ್ಳಿತೆರೆಗೆ ಬಂದದ್ದು ಇದರಲ್ಲೇ.

ಅದೇ ವರ್ಷದ ಡಿಸೆಂಬರ್ 22ರಂದು ವೈದ್ಯರು ಅವರಿಗೆ ಎಚ್‌ಐವಿ ಇದೆಯೆಂದು ತಿಳಿಸಿದರು.

ಆ ಹೊತ್ತನ್ನು ಇಂದು ಕಲ್ಪಿಸಿಕೊಳ್ಳುವುದು ಕಷ್ಟ. ಪರಿಣಾಮಕಾರಿ ಔಷಧ ಇರಲಿಲ್ಲ. ಹಲವು ಔಷಧಗಳನ್ನು ಕೂಡಿಸಿ ಕೊಟ್ಟು ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ಚಿಕಿತ್ಸೆ ಬಂದದ್ದು 1996ರ ಹೊತ್ತಿಗೆ. ಪತ್ರಿಕೆಗಳು ಏಡ್ಸ್ ಅನ್ನು ‘ಸಲಿಂಗಿಗಳ ಪ್ಲೇಗ್’ ಎಂದು ಕರೆಯುತ್ತಿದ್ದವು. ಸರ್ಕಾರದ ಟಿವಿ ಜಾಹೀರಾತಿನಲ್ಲಿ ಕಗ್ಗಲ್ಲಿನ ಮೇಲೆ ಏಡ್ಸ್ ಎಂಬ ಅಕ್ಷರಗಳನ್ನು ಕೆತ್ತುತ್ತಿದ್ದರು, ಗೋರಿಕಲ್ಲಿನಂತೆ. ಸೋಂಕಿನ ಸುದ್ದಿ ಹೊರಬಿದ್ದರೆ ಕೆಲಸ ಹೋಗುತ್ತಿತ್ತು, ಮನೆ ಹೋಗುತ್ತಿತ್ತು. ಹೆಸರಾಂತರು ಕೊನೆಯ ಉಸಿರಿನವರೆಗೂ ಮುಚ್ಚಿಟ್ಟರು. ಜಾರ್ಮನ್ ಮಾತ್ರ ತಿಂಗಳುಗಳೊಳಗೆ ಬಹಿರಂಗವಾಗಿ ಹೇಳಿದರು. ಬ್ರಿಟನ್ನಿನ ಸಾರ್ವಜನಿಕ ಬದುಕಿನಲ್ಲಿ ಹಾಗೆ ತಾವಾಗಿ ಹೇಳಿಕೊಂಡ ಮೊದಲಿಗರಲ್ಲಿ ಅವರೊಬ್ಬರು. ಸಿನಿಮಾಕ್ಕೆ ವಿಮೆಯೇ ಸಿಗದಂತಾಗುವ ಅಪಾಯ ಗೊತ್ತಿದ್ದೂ ಹೇಳಿದರು. ಇದಕ್ಕಿಂತ ದೊಡ್ಡ ಧೈರ್ಯವನ್ನು ನಾನು ಸಿನಿಮಾ ಲೋಕದಲ್ಲಿ ಹೆಚ್ಚು ಕಂಡಿಲ್ಲ.

ಸೆಕ್ಷನ್ 28 ಬಂದದ್ದು ಈ ಭಯದ ನಡುವೆ. ಜಾರ್ಮನ್ ಅವರ ಹೋರಾಟದ ಕೇಂದ್ರ ಅದೇ ಆದ್ದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1987ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತಮ್ಮ ಪಕ್ಷದ ಸಮಾವೇಶದಲ್ಲಿ, ಸಾಂಪ್ರದಾಯಿಕ ಮೌಲ್ಯಗಳನ್ನು ಕಲಿಯಬೇಕಾದ ಮಕ್ಕಳಿಗೆ ಸಲಿಂಗಿಗಳಾಗಿರುವುದು ಅವರ ಹಕ್ಕೆಂದು ಕಲಿಸಲಾಗುತ್ತಿದೆ ಎಂದು ದೂರಿದರು. ಅಪ್ಪ ಮತ್ತು ಅಪ್ಪನ ಸಂಗಾತಿಯ ಜೊತೆ ಬದುಕುವ ಪುಟ್ಟ ಹುಡುಗಿಯ ಕಥೆಯುಳ್ಳ ಒಂದು ಚಿತ್ರಪುಸ್ತಕದ ಮೇಲೆ ಪತ್ರಿಕೆಗಳು ಆಗಲೇ ಮುಗಿಬಿದ್ದಿದ್ದವು. 1988ರ ಮೇ 24ರಂದು ಸ್ಥಳೀಯ ಸರ್ಕಾರಗಳ ಕಾಯ್ದೆಯ ಸೆಕ್ಷನ್ 28 ಜಾರಿಗೆ ಬಂತು. ಅದು ಹೇಳಿದ್ದು ಎರಡು ಮಾತು. ಸ್ಥಳೀಯ ಆಡಳಿತಗಳು ಉದ್ದೇಶಪೂರ್ವಕವಾಗಿ ಸಲಿಂಗಕಾಮವನ್ನು ‘ಉತ್ತೇಜಿಸಬಾರದು’. ಸಲಿಂಗ ಸಂಬಂಧವನ್ನು ಒಪ್ಪಬಹುದಾದ ‘ಸೋಗಿನ ಕುಟುಂಬ’ವೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುವುದನ್ನು ಉತ್ತೇಜಿಸಬಾರದು.

ಇದು ಯಾರನ್ನೂ ಜೈಲಿಗೆ ಹಾಕುವ ಕಾನೂನಲ್ಲ. ಇದರ ಅಡಿಯಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಸೂಕ್ಷ್ಮವಾಗಿ ಓದಿದರೆ ಅದು ಶಿಕ್ಷಕರಿಗೆ ನೇರವಾಗಿ ಅನ್ವಯಿಸುತ್ತಲೂ ಇರಲಿಲ್ಲ. ಲೈಂಗಿಕ ಶಿಕ್ಷಣದ ಹೊಣೆ ಆಗ ಶಾಲೆಯ ಆಡಳಿತ ಮಂಡಳಿಗಳ ಕೈಯಲ್ಲಿತ್ತು. ಆದರೂ ಅದು ಹದಿನೈದು ವರ್ಷ ಗಟ್ಟಿಯಾಗಿ ಕೆಲಸ ಮಾಡಿತು. ‘ಉತ್ತೇಜನ’ ಎಂದರೆ ಏನೆಂದು ಯಾರಿಗೂ ಗೊತ್ತಿಲ್ಲದಿದ್ದುದರಿಂದಲೇ ಎಲ್ಲವೂ ಉತ್ತೇಜನವಾಗಿ ಕಾಣತೊಡಗಿತು. ಗ್ರಂಥಪಾಲಕ ಪುಸ್ತಕವನ್ನು ಕಪಾಟಿನಿಂದ ತೆಗೆಯುತ್ತಾನೆ, ಯಾರೂ ಹೇಳದಿದ್ದರೂ. ನಾಟಕ ತಂಡಕ್ಕೆ ಕೊಡುವ ಅನುದಾನದ ಮುಂದೆ ಗುಮಾಸ್ತ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ. ಹುಡುಗನೊಬ್ಬ ಸಹಪಾಠಿಗಳ ಕೈಯಲ್ಲಿ ಹೆಣ್ಣಿಗ ಎಂದು ಬೈಸಿಕೊಂಡು, ಏಟು ತಿಂದು ಅಳುತ್ತ ಬಂದಾಗ, ನಿನ್ನಲ್ಲಿ ತಪ್ಪೇನಿಲ್ಲ ಎಂಬ ಒಂದು ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಆ ಮಾತೂ ಉತ್ತೇಜನವಾದರೆ? ಹೀಗೆ ಒಂದು ತಲೆಮಾರಿನ ಮಕ್ಕಳು ತಮ್ಮ ಬಗ್ಗೆ ಶಾಲೆಯಲ್ಲಿ ಒಂದೂ ಒಳ್ಳೆಯ ಮಾತು ಕೇಳದೆ ಬೆಳೆದರು. ಕಾನೂನಿನ ಕ್ರೌರ್ಯ ಲಾಠಿಯಲ್ಲಷ್ಟೇ ಇರುತ್ತದೆಂದು ತಿಳಿದವರಿಗೆ ನಾನು ಸೆಕ್ಷನ್ 28 ಅನ್ನು ತೋರಿಸುತ್ತೇನೆ.

ಜನ ಸುಮ್ಮನಿರಲಿಲ್ಲ. ಕಾಯ್ದೆ ಚರ್ಚೆಯಲ್ಲಿದ್ದಾಗಲೇ ಹೋರಾಟಗಾರ್ತಿಯರು ಮೇಲ್ಮನೆಯ ಗ್ಯಾಲರಿಯಿಂದ ಹಗ್ಗ ಹಿಡಿದು ಸದನಕ್ಕೆ ಇಳಿದರು. ಫೆಬ್ರವರಿಯಲ್ಲಿ ಮ್ಯಾಂಚೆಸ್ಟರಿನಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟರು. ಕಾಯ್ದೆ ಜಾರಿಯಾಗುವ ಹಿಂದಿನ ಸಂಜೆ ಬಿಬಿಸಿಯ ಆರು ಗಂಟೆಯ ವಾರ್ತೆಯ ಸ್ಟುಡಿಯೊಗೇ ಮಹಿಳೆಯರು ನುಗ್ಗಿದರು. 1990ರಲ್ಲಿ ‘ಔಟ್‌ರೇಜ್’ ಎಂಬ ಸಂಘಟನೆ ಹುಟ್ಟಿತು. ಸಾರ್ವಜನಿಕವಾಗಿ ಚುಂಬಿಸಿದ ಗಂಡಸರನ್ನು ಪೊಲೀಸರು ಹಿಡಿಯುತ್ತಿದ್ದ ಕಾಲದಲ್ಲಿ, ಅದರ ಸದಸ್ಯರು ಲಂಡನ್ನಿನ ಪಿಕಡಿಲಿ ವೃತ್ತದಲ್ಲಿ ಸಾಮೂಹಿಕ ಚುಂಬನದ ಪ್ರತಿಭಟನೆ ನಡೆಸಿದರು. ಜಾರ್ಮನ್ ಈ ಗುಂಪಿನ ಜೊತೆ ನಿಂತರು. ತಮ್ಮನ್ನು ‘ಕ್ವಿಯರ್’ ಎಂದೇ ಕರೆದುಕೊಂಡರು. ಅದು ಅಲ್ಲಿಯವರೆಗೆ ಶಾಲೆಯ ಅಂಗಳದಲ್ಲಿ ಕಲ್ಲಿನಂತೆ ಬೀಸಿ ಎಸೆಯುತ್ತಿದ್ದ ಬೈಗುಳ. ಎಸೆದ ಕಲ್ಲನ್ನೇ ಎತ್ತಿಕೊಂಡು ಮನೆಯ ಅಡಿಪಾಯಕ್ಕೆ ಇಟ್ಟ ಹಾಗೆ. ನಮ್ಮ ‘ಸಲಿಂಗಕಾಮಿ’ ಎಂಬ ಪದ ಇಡೀ ಮನುಷ್ಯನನ್ನು ಕಾಮಕ್ಕೆ ಇಳಿಸಿಬಿಡುತ್ತದೆಂದು ನನಗೆ ಯಾವಾಗಲೂ ಅನಿಸಿದೆ. ಕನ್ನಡದಲ್ಲಿ ‘ಸಲಿಂಗಿ’, ‘ಸಲಿಂಗ ಪ್ರೇಮ’ ಎಂಬ ಬಳಕೆ ಬೆಳೆಯುತ್ತಿರುವುದು ಸಮಾಧಾನದ ಸಂಗತಿ.

1991ರ ‘ಎಡ್ವರ್ಡ್ 2’ ಈ ಹೋರಾಟದ ನಡುವಿನಿಂದಲೇ ಎದ್ದುಬಂದ ಚಿತ್ರ. ಕ್ರಿಸ್ಟೋಫರ್ ಮಾರ್ಲೊ ಹದಿನಾರನೇ ಶತಮಾನದಲ್ಲಿ ಬರೆದ ನಾಟಕ ಅದಕ್ಕೆ ಆಧಾರ. ಹದಿನಾಲ್ಕನೇ ಶತಮಾನದ ರಾಜ, ಅವನ ಗೆಳೆಯ ಗಾವೆಸ್ಟನ್, ಅವರ ಪ್ರೀತಿಯನ್ನು ಸಹಿಸದ ಸಾಮಂತರು. ಜಾರ್ಮನ್ ಸಾಮಂತರಿಗೆ ತಮ್ಮ ಕಾಲದ ಸೂಟು ತೊಡಿಸಿದರು. ರಾಜನ ಪರವಾಗಿ ದಂಗೆಯೇಳುವ ದೃಶ್ಯದಲ್ಲಿ ಫಲಕ ಹಿಡಿದು ಬರುವವರು ಜೂನಿಯರ್ ಕಲಾವಿದರಲ್ಲ, ಔಟ್‌ರೇಜ್‌ನ ನಿಜವಾದ ಕಾರ್ಯಕರ್ತರು. ಬೀದಿಯಲ್ಲಿ ಪೊಲೀಸರ ಎದುರು ನಿಂತವರೇ ಇಲ್ಲಿ ಕಲ್ಲಿನ ಗೋಡೆಗಳ ನಡುವೆ ಗುರಾಣಿ ಹಿಡಿದ ಪೊಲೀಸರನ್ನು ಎದುರಿಸುತ್ತಾರೆ. ಆ ದೃಶ್ಯ ಬಂದಾಗ ಕಥೆ ಎಲ್ಲಿ ಮುಗಿಯಿತು, ಸುದ್ದಿ ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ರಾಣಿ ಇಸಬೆಲ್ಲಾಳ ಪಾತ್ರಕ್ಕೆ ಟಿಲ್ಡಾ ಸ್ವಿಂಟನ್ ವೆನಿಸ್ ಉತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. ರಾಣಿಯನ್ನು ಅಷ್ಟು ಕ್ರೂರಿಯಾಗಿ ಚಿತ್ರಿಸಿದ್ದು ಹೆಂಗಸರಿಗೆ ಮಾಡಿದ ಅನ್ಯಾಯವೆಂಬ ಟೀಕೆ ಆಗಲೇ ಬಂತು, ಅದರಲ್ಲಿ ಹುರುಳಿದೆ.

ಅದೇ ವರ್ಷದ ಜನವರಿಯಲ್ಲಿ ಜಾರ್ಮನ್ ತಮ್ಮವರ ವಿರುದ್ಧವೇ ತಿರುಗಿಬಿದ್ದರು. ನಟ ಇಯಾನ್ ಮೆಕೆಲನ್, ಸೆಕ್ಷನ್ 28 ವಿರೋಧಿಸಿ ತಾನು ಸಲಿಂಗಿ ಎಂದು ಹೇಳಿಕೊಂಡು, ಸಲಿಂಗಿಗಳ ಹಕ್ಕುಗಳಿಗಾಗಿ ದುಡಿಯುವ ‘ಸ್ಟೋನ್‌ವಾಲ್’ ಸಂಸ್ಥೆ ಕಟ್ಟಿದವರಲ್ಲೊಬ್ಬರು. ಅವರು ಸರ್ಕಾರದಿಂದ ‘ಸರ್’ ಎಂದು ಕರೆಸಿಕೊಳ್ಳುವ ನೈಟ್ ಪದವಿ ಸ್ವೀಕರಿಸಿದಾಗ ಜಾರ್ಮನ್ ‘ಗಾರ್ಡಿಯನ್’ ಪತ್ರಿಕೆಗೆ ಪತ್ರ ಬರೆದು, ಇಂಥ ಕಾನೂನು ತಂದ ಸರ್ಕಾರದ ಕೈಯಿಂದ ಗೌರವ ಪಡೆಯುವುದು ಹೇಗೆಂದು ಆಕ್ಷೇಪಿಸಿದರು. ಹದಿನೆಂಟು ಮಂದಿ ಸಲಿಂಗಿ ಕಲಾವಿದರು ಮೆಕೆಲನ್ ಪರವಾಗಿ ಸಹಿ ಹಾಕಿ ಉತ್ತರಿಸಿದರು. ಇದನ್ನು ಬರೀ ವೈಯಕ್ತಿಕ ಜಗಳವೆಂದು ಬದಿಗಿಡುವಂತಿಲ್ಲ. ಮಂತ್ರಿಗಳ ಮೇಜಿನ ಎದುರು ಕೂತು ಕಾನೂನು ಬದಲಿಸುವುದೋ, ಬೀದಿಯಲ್ಲಿ ನಿಂತು ನಾಚಿಕೆಪಡಿಸುವುದೋ ಎಂಬ ಪ್ರಶ್ನೆ ಎಲ್ಲ ಚಳವಳಿಗಳನ್ನೂ ಕಾಡುತ್ತದೆ. ನನ್ನ ಮಟ್ಟಿಗೆ, ಆ ಪತ್ರದಲ್ಲಿ ಜಾರ್ಮನ್ ಮೆಕೆಲನ್ ಅವರಿಗೆ ನ್ಯಾಯ ಸಲ್ಲಿಸಲಿಲ್ಲ. ಆದರೆ ಸಾವಿನ ದಿನ ಎಣಿಸುತ್ತಿದ್ದವನಿಗೆ ಮೇಜಿನ ಮಾತುಕತೆ ಎಷ್ಟು ನಿಧಾನವೆನಿಸಿರಬೇಕು ಎಂಬುದನ್ನೂ ನಾನು ಮರೆಯಲಾರೆ.

ಇಷ್ಟೆಲ್ಲದರ ನಡುವೆ ಅವರು ತೋಟ ಮಾಡುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಬಂದ ಹಣದಲ್ಲಿ ಕೆಂಟ್ ಪ್ರಾಂತದ ಡಂಜನೆಸ್ ಎಂಬಲ್ಲಿ ಮೀನುಗಾರರ ಹಳೆಯ ಮರದ ಮನೆಯೊಂದನ್ನು ಕೊಂಡಿದ್ದರು. ಹೆಸರು ಪ್ರಾಸ್ಪೆಕ್ಟ್ ಕಾಟೇಜ್. ಡಾಂಬರು ಬಳಿದ ಕಪ್ಪು ಗೋಡೆ, ಹಳದಿ ಬಣ್ಣದ ಕಿಟಕಿಗಳು. ಮಣ್ಣೆಂಬುದೇ ಇಲ್ಲ, ಕಣ್ಣು ಹಾಯುವವರೆಗೂ ಉರುಟು ಕಲ್ಲು. ಉಪ್ಪುಗಾಳಿ. ಎದುರಿಗೆ ಕಡಲು, ದೂರದಲ್ಲಿ ಅಣುವಿದ್ಯುತ್ ಸ್ಥಾವರ ಹಗಲಿರುಳು ಗುಂಯ್‌ಗುಡುತ್ತಿತ್ತು. ನಾಲ್ಕನೇ ವಯಸ್ಸಿನಲ್ಲಿ ಹೂವಿನ ಪುಸ್ತಕ ಪಡೆದ ಹುಡುಗ ನಲವತ್ತೈದರ ಗಂಡಸಾಗಿ, ವೈರಸ್ ಹೊತ್ತು, ಇಲ್ಲಿ ಕಲ್ಲುಗಳನ್ನು ಬಗೆದು, ಗೊಬ್ಬರ ತುಂಬಿ, ಗಸಗಸೆ ಹೂ, ಲ್ಯಾವೆಂಡರ್ ನೆಟ್ಟರು. ಆ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡು ಕೋಸಿನ ಜಾತಿಯ ಗಿಡಗಳಿಗೂ ಜಾಗ ಕೊಟ್ಟರು. ಅಲೆ ತಂದು ಎಸೆದ ಮರದ ತುಂಡು, ತುಕ್ಕು ಹಿಡಿದ ಸರಪಳಿ, ತೂತುಬಿದ್ದ ಕಲ್ಲುಗಳ ಹಾರ ಎಲ್ಲವೂ ತೋಟದ ಭಾಗವಾದವು. ಬೇಲಿ ಹಾಕಲಿಲ್ಲ. ಅಲ್ಲೇ 1990ರ ‘ದಿ ಗಾರ್ಡನ್’ ಚಿತ್ರ ಹುಟ್ಟಿತು. ಅದರಲ್ಲಿ ಕ್ರಿಸ್ತನ ಯಾತನೆಯನ್ನು ಅನುಭವಿಸುವವರು ಇಬ್ಬರು ಪ್ರೇಮಿಗಳು, ಇಬ್ಬರೂ ಗಂಡಸರು. 1991ರ ಸೆಪ್ಟೆಂಬರ್ 22ರಂದು, ಸನ್ಯಾಸಿನಿಯರ ವೇಷ ತೊಟ್ಟ ಸಲಿಂಗಿ ಕಾರ್ಯಕರ್ತರ ತಂಡವೊಂದು ಅದೇ ಕಡಲತೀರದಲ್ಲಿ ಅವರಿಗೆ ಸಂತ ಪದವಿ ನೀಡಿತು. ಆ ದಿನದ ಚಿತ್ರಗಳಲ್ಲಿ ಜರಿಯ ಬಟ್ಟೆ ಹೊದ್ದ ಜಾರ್ಮನ್ ಮಗುವಿನಂತೆ ನಗುತ್ತಿದ್ದಾರೆ.

ನಂತರ ಕಣ್ಣು. ಸೈಟೊಮೆಗಾಲೊ ಎಂಬ ವೈರಸ್ ಬಹಳಷ್ಟು ಜನರ ದೇಹದಲ್ಲಿ ಸದ್ದಿಲ್ಲದೆ ಇರುತ್ತದೆ. ಏಡ್ಸ್‌ನಿಂದ ರೋಗನಿರೋಧಕ ಶಕ್ತಿ ಕುಸಿದಾಗ ಅದು ಅಕ್ಷಿಪಟಲವನ್ನು ತಿನ್ನತೊಡಗುತ್ತದೆ. ನೋಡಲಾಗದ ನಿರ್ದೇಶಕ ಮಾಡಿದ ಸಿನಿಮಾ ‘ಬ್ಲೂ’. ಆ ನೀಲಿಯನ್ನು ಫ್ರೆಂಚ್ ಕಲಾವಿದ ಈವ್ ಕ್ಲೈನ್ ಅವರಿಂದ ಪಡೆದಿದ್ದರು. ಇಷ್ಟು ವರ್ಷ ಏಡ್ಸ್ ರೋಗಿಗಳನ್ನು ಟಿವಿ ತೋರಿಸಿದ್ದು ಎಲುಬಿನ ಹಂದರದಂಥ ದೇಹಗಳನ್ನಾಗಿ. ಅಯ್ಯೋ ಎನ್ನಲು, ಹೆದರಲು ಅನುಕೂಲವಾಗುವಂತೆ. ಜಾರ್ಮನ್ ಆ ದೇಹವನ್ನು ಕೊಡಲಿಲ್ಲ. ಬದಲಿಗೆ ಮನುಷ್ಯನ ಮಾತನ್ನು ಕೊಟ್ಟರು. ಒಂದೆಡೆ ಅಂಗಡಿಯ ಗಾಜಿನ ಹಿಂದಿನ ಚಪ್ಪಲಿ ಜೋಡಿಯ ಮುಂದೆ ನಿಲ್ಲುತ್ತಾರೆ. ಕೊಳ್ಳೋಣ ಎನಿಸುತ್ತದೆ. ಆಮೇಲೆ, ಈಗ ಕಾಲಲ್ಲಿರುವುದೇ ಬದುಕಿನಿಂದ ಹೊರನಡೆಯುವಷ್ಟು ದೂರಕ್ಕೆ ಸಾಕು ಎಂದುಕೊಂಡು ಮುಂದೆ ಹೋಗುತ್ತಾರೆ. ನೀಲಿ ಪರದೆಯ ಮುಂದೆ ಕೂತು ಈ ಮಾತು ಕೇಳಿದವರಿಗೆ ಆ ಚಪ್ಪಲಿ ಕಾಣಿಸುತ್ತದೆ, ಯಾವ ಚಿತ್ರದಲ್ಲಿ ಕಂಡದ್ದಕ್ಕಿಂತಲೂ ಸ್ಪಷ್ಟವಾಗಿ.

1994ರ ಫೆಬ್ರವರಿ 19ರಂದು ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು 52. ಎರಡು ದಿನ ಕಳೆದು, ಫೆಬ್ರವರಿ 21ರಂದು, ಸಂಸತ್ತಿನ ಕೆಳಮನೆ ಸಮ್ಮತಿಯ ವಯಸ್ಸಿನ ಮೇಲೆ ಮತ ಹಾಕಿತು. ಎಲ್ಲರಿಗೂ 16 ಎಂಬ ಸಮಾನತೆಯ ಪ್ರಸ್ತಾವಕ್ಕೆ 280 ಮತ, ವಿರುದ್ಧ 307. ಇಪ್ಪತ್ತೇಳು ಮತಗಳ ಅಂತರದಲ್ಲಿ ಅದು ಬಿತ್ತು. ಸಲಿಂಗಿಗಳಿಗೆ 18 ಎಂದು ಸಂಸತ್ತು ರಾಜಿ ಮಾಡಿಕೊಂಡಿತು. ಹೊರಗೆ ಮೇಣದಬತ್ತಿ ಹಿಡಿದು ಕಾದಿದ್ದ ಜನ ಸಿಟ್ಟಿಗೆದ್ದರು. ಸಮಾನ ವಯಸ್ಸು ಬಂದದ್ದು 2001ರಲ್ಲಿ. ಸೆಕ್ಷನ್ 28 ಸ್ಕಾಟ್ಲೆಂಡಿನಲ್ಲಿ 2000ದಲ್ಲೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲೂ ರದ್ದಾಯಿತು. ಬ್ರಿಟನ್ ನಮಗೆ ಬಿಟ್ಟುಹೋದ ಸೆಕ್ಷನ್ 377ರಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಪ್ರೈಡ್ ಮೆರವಣಿಗೆ ಶುರುವಾಗಿ ಹತ್ತು ವರ್ಷವಾಗಿತ್ತು.

2020ರಲ್ಲಿ ಡಂಜನೆಸ್‌ನ ಮನೆ ಮಾರಾಟವಾಗುವ ಸ್ಥಿತಿ ಬಂದಾಗ ಸಾವಿರಾರು ಜನ ಕೈಲಾದಷ್ಟು ಹಾಕಿ, 35 ಲಕ್ಷ ಪೌಂಡ್ ಕೂಡಿಸಿ ಅದನ್ನು ಉಳಿಸಿಕೊಂಡರು. ಅದರ ಹೊರಗೋಡೆಯ ಮೇಲೆ ಮರದಲ್ಲಿ ಕೊರೆದ ಅಕ್ಷರಗಳಲ್ಲಿ ಇಂಗ್ಲಿಷ್ ಕವಿ ಜಾನ್ ಡನ್‌ನ ಸಾಲುಗಳಿವೆ. ಬೆಳಗಾಯಿತೆಂದು ಕಿಟಕಿಯ ಪರದೆಗಳ ನಡುವಿನಿಂದ ಇಣುಕಿ ಪ್ರೇಮಿಗಳನ್ನು ಎಬ್ಬಿಸುವ ಸೂರ್ಯನನ್ನು, ಅಧಿಕಪ್ರಸಂಗಿ ಮುದುಕಾ ಎಂದು ಪ್ರೇಮಿಯೊಬ್ಬ ಗದರಿಸುವ ಪದ್ಯ ಅದು. ಮಧ್ಯಾಹ್ನದ ಬಿಸಿಲು ಬಿದ್ದಾಗ ಅಕ್ಷರಗಳ ನೆರಳು ಕಪ್ಪು ಗೋಡೆಯ ಮೇಲೆ ಇಳಿಯುತ್ತದೆ. ದಾರಿಹೋಕರು ಕಲ್ಲುಗಳ ಮೇಲೆ ನಡೆದು ಬಂದು, ಹತ್ತಿರ ನಿಂತು ಓದುತ್ತಾರೆ.